ಹೇರ್ ಡ್ರೆಸ್ಸಿಂಗ್‌ನಲ್ಲಿ ಮುಂದಿನ ಕೋರ್ಸ್: ಯಾರಿಗೆ ಯಾವುದು, ಯಾರಿಗೆ ಯಾವುದೂ ಬೇಡ

ಕಟಿಂಗ್ ಬರುತ್ತದೆ, ಬ್ಲೋ ಡ್ರೈ ಬರುತ್ತದೆ, ಬಿಳಿ ಕೂದಲಿಗೆ ಕಲರ್ ಹಚ್ಚುವುದು ಬರುತ್ತದೆ. ಸಲೂನ್‌ನಲ್ಲಿ ಎರಡು ಮೂರು ವರ್ಷ ದುಡಿದ ಮೇಲೆ ಬಹಳ ಜನ ಇಲ್ಲಿಗೆ ಬಂದು ನಿಲ್ಲುತ್ತಾರೆ. ಮುಂದೇನು? ಅಡ್ವಾನ್ಸ್ಡ್ ಡಿಪ್ಲೊಮಾ ಮಾಡಬೇಕೇ, ಸರ್ಕಾರದ ಸರ್ಟಿಫಿಕೇಟ್ ಸಾಕೇ, ಐಟಿಐ ಸೇರಬೇಕೇ, ಹೊರದೇಶದ ಆಸೆ ಇದ್ದರೆ ಅಲ್ಲಿ ನಡೆಯುವ ಕಾಗದ ಯಾವುದು? ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲಿ ಎಲ್ಲ ಕೋರ್ಸೂ ಒಂದೇ ಥರ ಹೊಳೆಯುತ್ತವೆ. ಸಾಲ ಮಾಡಿ ಸೇರಿದ ಮೇಲೆ ವ್ಯತ್ಯಾಸ ಗೊತ್ತಾದರೆ ಪ್ರಯೋಜನವಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ನಮ್ಮ ದೇಶದಲ್ಲಿ ಕೂದಲು ಕತ್ತರಿಸಲು, ಕಲರ್ ಮಾಡಲು ಯಾವ ಪದವಿಯನ್ನೂ ಕಾನೂನು ಕೇಳುವುದಿಲ್ಲ. ಅಂಗಡಿ ತೆರೆಯಲು ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ವ್ಯಾಪಾರ ಪರವಾನಗಿ ಬೇಕು, ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಬೇಕು. ಈ ಎರಡಕ್ಕೂ ನಿಮ್ಮ ಡಿಪ್ಲೊಮಾ ತೋರಿಸಬೇಕಾಗಿಲ್ಲ. ಹಾಗಾಗಿ ಮುಂದೆ ಕಲಿಯುವ ಉದ್ದೇಶ ಎರಡರಲ್ಲೊಂದು: ಕೈಗೆ ಹೊಸ ಕೆಲಸ ಬೇಕು, ಇಲ್ಲವೇ ಯಾವುದೋ ಬಾಗಿಲು ತೆರೆಯಲು ಕಾಗದ ಬೇಕು. ಎರಡೂ ಒಂದೇ ಕೋರ್ಸಿನಲ್ಲಿ ಸಿಗುವುದು ಅಪರೂಪ. ಯಾವುದು ಬೇಕು ಅಂತ ತೀರ್ಮಾನವಾಗದೆ ಕಟ್ಟಿದ ಫೀಸು ಅರ್ಧ ದಂಡ.

ಯಾವುದರಿಂದ ಅಳೆಯಬೇಕು

ಪ್ರತಿ ಆಯ್ಕೆಗೂ ಐದು ಪ್ರಶ್ನೆ ಹಾಕಿ. ಕೋರ್ಸ್ ಮುಗಿದ ಮೇಲೆ ಇವತ್ತು ಆಗದ ಯಾವ ಕೆಲಸ ನಿಮ್ಮಿಂದ ಆಗುತ್ತದೆ? ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ: ಬ್ಯಾಂಕೇ, ಸರ್ಕಾರಿ ಸಂಸ್ಥೆಯೇ, ಹೊರದೇಶದ ಪ್ರಾಧಿಕಾರವೇ, ಪಕ್ಕದ ಬೀದಿಯ ಸಲೂನ್ ಮಾಲೀಕರೇ? ಒಟ್ಟು ಖರ್ಚು ಎಷ್ಟು, ಅಂದರೆ ಫೀಸು, ತೆರಿಗೆ, ಕಿಟ್, ಊಟ, ಬಾಡಿಗೆ, ಆ ದಿನಗಳಲ್ಲಿ ಕೈತಪ್ಪುವ ಸಂಬಳ ಎಲ್ಲ ಸೇರಿ? ನಿಮ್ಮ ಕೈಗೆ ಕತ್ತರಿ, ಬ್ರಷ್ ಸಿಗುವ ಗಂಟೆಗಳೆಷ್ಟು? ಕೊನೆಯದು, ಪಾಠ ಮತ್ತು ಪರೀಕ್ಷೆ ಯಾವ ಭಾಷೆಯಲ್ಲಿ?

ಭಾಷೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಪೆಟ್ಟು ಬೀಳುವುದು ಅಲ್ಲೇ. ಬೆಂಗಳೂರಿನ ಎಷ್ಟೋ ಅಕಾಡೆಮಿಗಳಲ್ಲಿ ಪಾಠ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕತ್ತರಿ ಹಿಡಿಯುವುದನ್ನು ನೋಡಿ ಕಲಿಯಬಹುದು, ಕಲರ್ ಥಿಯರಿಯನ್ನು ನೋಡಿ ಕಲಿಯಲು ಆಗುವುದಿಲ್ಲ. ಅರ್ಧಂಬರ್ಧ ಅರ್ಥವಾದ ಕೆಮಿಸ್ಟ್ರಿ ಗಿರಾಕಿಯ ತಲೆಯ ಮೇಲೆ ಪ್ರಯೋಗವಾಗುತ್ತದೆ. ಕನ್ನಡದಲ್ಲಿ ಅನುಮಾನ ಕೇಳಬಹುದೇ, ಬರಹದ ಪರೀಕ್ಷೆ ಕನ್ನಡದಲ್ಲಿ ಇದೆಯೇ ಅಂತ ವಿಚಾರಿಸಲು ಹಿಂಜರಿಯಬೇಡಿ.

ಕೈಯಲ್ಲಿ ಕೊರತೆ ಎಲ್ಲಿದೆ?

ಅಡ್ವಾನ್ಸ್ಡ್ ತರಬೇತಿ ನಿಜಕ್ಕೂ ಬೇಕೇ ಅಂತ ತಿಳಿಯಲು ಒಂದು ಸಂದರ್ಭ ತೆಗೆದುಕೊಳ್ಳಿ. ಎರಡು ವರ್ಷದಿಂದ ಪ್ಯಾಕೆಟ್ ಮೆಹಂದಿ ಹಚ್ಚುತ್ತಿರುವ ಗಿರಾಕಿ ಬಂದು ಆಶ್ ಬ್ರೌನ್ ಬಲಯಾಜ್ (ಬ್ರಷ್‌ನಿಂದ ಎಳೆ ಎಳೆಯಾಗಿ ತಿಳಿಬಣ್ಣ ತರುವ ಕೆಲಸ) ಕೇಳುತ್ತಾರೆ. ಅವರ ಸಹಜ ಕೂದಲು 2ನೇ ಲೆವೆಲ್, ಅಂದರೆ ಕಪ್ಪಿನಿಂದ ತಿಳಿ ಹೊಂಬಣ್ಣದವರೆಗಿನ 1–10ರ ಅಳತೆಯಲ್ಲಿ ಬಹುತೇಕ ಕಪ್ಪು. ನೀವು ಏನು ಮಾಡುತ್ತೀರಿ?

ಕೆಲಸ ಬಲ್ಲವರು ಮೊದಲು ಮೆಹಂದಿಯ ಚರಿತ್ರೆ ಕೇಳುತ್ತಾರೆ. ಅಪ್ಪಟ ಮೆಹಂದಿಯಾದರೆ ಬ್ಲೀಚ್ ನಂತರ ಜಗ್ಗದ ಕಿತ್ತಳೆ ಬಣ್ಣ ಉಳಿಯುತ್ತದೆ, ಅಷ್ಟೇ. ಲೋಹದ ಲವಣ ಬೆರೆಸಿದ ಪುಡಿಯಾದರೆ ಪೆರಾಕ್ಸೈಡ್ ತಾಗಿದ ಕೂಡಲೇ ಕೂದಲು ಬಿಸಿಯಾಗಿ ತುಂಡಾಗಬಹುದು. ಅದಕ್ಕೆ ಬಾಚಣಿಗೆಗೆ ಬಂದ ಅಥವಾ ಹಿಂಭಾಗದಲ್ಲಿ ಕಾಣದಂತೆ ಕತ್ತರಿಸಿದ ಒಂದು ಎಳೆಯನ್ನು 20 ಮಿಲಿ 20 ವಾಲ್ಯೂಮ್ ಪೆರಾಕ್ಸೈಡ್ ಮತ್ತು ಸುಮಾರು 20 ಹನಿ ಅಮೋನಿಯಾ ಬೆರೆಸಿದ ಗಾಜಿನ ಬಟ್ಟಲಲ್ಲಿ 30 ನಿಮಿಷ ಬಿಡುತ್ತಾರೆ. ಬಿಸಿಯಾದರೆ, ಗುಳ್ಳೆ ಎದ್ದರೆ, ಬಣ್ಣ ಥಟ್ಟನೆ ಬದಲಾದರೆ ಕೆಲಸ ಒಪ್ಪುವುದಿಲ್ಲ. ಎಳೆ ಸರಿಯಾಗಿದ್ದರೆ 48 ಗಂಟೆ ಮುಂಚೆ ಚರ್ಮಕ್ಕೆ ಅಲರ್ಜಿ ಆಗುತ್ತದೆಯೇ ಅಂತ ನೋಡುವ ಪ್ಯಾಚ್ ಟೆಸ್ಟ್, ಆಮೇಲೆ ಒಂದು ಸ್ಟ್ರ್ಯಾಂಡ್‌ಗೆ ಬ್ಲೀಚ್ ಹಚ್ಚಿ ಎಷ್ಟು ಏರುತ್ತದೆ ಅಂತ ನೋಡುವುದು. 2ರಿಂದ ಏರಿಸುವಾಗ ಮೊದಲು ಕೆಂಪು, 6–7ಕ್ಕೆ ಬಂದಾಗ ಕಿತ್ತಳೆ, 8ರ ಆಚೆ ಹಳದಿ ಬರುತ್ತದೆ. ಕಿತ್ತಳೆಯನ್ನು ತಣಿಸಲು ನೀಲಿ ಮೂಲದ ಟೋನರ್, ಹಳದಿಗೆ ನೇರಳೆ. 7ಕ್ಕೆ ಏರದ ಕೂದಲಿನ ಮೇಲೆ ಆಶ್ ಟೋನರ್ ಹಾಕಿದರೆ ಮಣ್ಣುಬಣ್ಣ ಬಂದು ಗಿರಾಕಿ ಅಳುತ್ತಾರೆ.

ಇದನ್ನು ಓದುತ್ತಾ ‘ಹೌದು, ಹೀಗೇ’ ಅನ್ನಿಸಿದರೆ ಕಲರ್‌ನಲ್ಲಿ ನಿಮಗೆ ಬೇಕಿರುವುದು ಅಭ್ಯಾಸ, ದೊಡ್ಡ ಕೋರ್ಸ್ ಅಲ್ಲ. ಪ್ರತಿ ಸಾಲಿನಲ್ಲೂ ‘ಯಾಕೆ?’ ಅನ್ನಿಸಿದರೆ ಕಲಿಯಬೇಕಾದ್ದು ಬಹಳ ಇದೆ, ರೀಲ್ಸ್ ನೋಡಿ ತುಂಬುವ ಕೊರತೆ ಅದಲ್ಲ. ಹೀಗೆಯೇ ಇನ್ನೆರಡು ಕಡೆ ಪರೀಕ್ಷಿಸಿಕೊಳ್ಳಿ. ಥಯೋಗ್ಲೈಕೋಲೇಟ್ ಹಾಕಿ ಸ್ಟ್ರೈಟನಿಂಗ್ ಆದ ಕೂದಲಿಗೆ ಹೈಡ್ರಾಕ್ಸೈಡ್ ರಿಲ್ಯಾಕ್ಸರ್ ಯಾಕೆ ಹಾಕಬಾರದು? ಕೂದಲನ್ನು 0, 45, 90 ಡಿಗ್ರಿಗೆ ಎತ್ತಿ ಕತ್ತರಿಸಿದರೆ ಭಾರ ಎಲ್ಲೆಲ್ಲಿ ಕೂರುತ್ತದೆ? ಉತ್ತರ ಸಲೀಸಾಗಿ ಬಂದರೆ ಕೋರ್ಸಿನ ಅರ್ಧ ಪಠ್ಯ ನಿಮಗೆ ಆಗಲೇ ಗೊತ್ತು.

ಸಲೂನ್‌ನಲ್ಲೇ ಇದ್ದು ಕಲಿಯುವುದು

ಎಲ್ಲಕ್ಕಿಂತ ಅಗ್ಗದ ದಾರಿ, ಜನ ಕಡೆಗಣಿಸುವ ದಾರಿಯೂ ಇದೇ. ಹಿರಿಯ ಸ್ಟೈಲಿಸ್ಟ್ ಪಕ್ಕ ನಿಂತು ಮಿಕ್ಸಿಂಗ್‌ನಿಂದ ಟೋನಿಂಗ್‌ವರೆಗೆ ನೋಡುವುದು, ವಾರದ ಬಿಡುವಿನ ದಿನ ಮಾಡೆಲ್ ಕರೆಸಿ ಕೈ ಪಳಗಿಸುವುದು, ಜೊತೆಗೆ ಕಲರ್ ಕಂಪನಿಗಳು ತಮ್ಮ ಉತ್ಪನ್ನ ಬಳಸುವ ಸಲೂನ್‌ಗಳಿಗೆ ನಡೆಸುವ ಒಂದೆರಡು ದಿನದ ಕ್ಲಾಸ್. ಸಂಬಳ ನಿಲ್ಲುವುದಿಲ್ಲ, ಗಿರಾಕಿ ತಪ್ಪುವುದಿಲ್ಲ.

ಕಂಪನಿಯ ಕ್ಲಾಸ್‌ನಲ್ಲಿ ಒಂದು ಮಿತಿ ಇದೆ. ಅವರು ಕಲಿಸುವುದು ಅವರ ಟ್ಯೂಬು, ಅವರ ಡೆವಲಪರ್ (ಕಲರ್‌ಗೆ ಬೆರೆಸುವ ಪೆರಾಕ್ಸೈಡ್). ಬೇರೆ ಬ್ರ್ಯಾಂಡಿಗೆ ಹೋದಾಗ ಶೇಡ್ ನಂಬರ್ ಪದ್ಧತಿ, ಮಿಕ್ಸಿಂಗ್ ಪ್ರಮಾಣ ಬದಲಾಗುತ್ತದೆ. 1:1 ಬೆರೆಸುವ ಕಲರ್‌ಗೆ ರೂಢಿಯಾದ ಕೈ 1:2 ಬ್ಲೀಚ್‌ನಲ್ಲಿ ಎಡವುತ್ತದೆ. ಇನ್ನೊಂದು ಮಾತು: ಸಲೂನ್‌ನವರೇ ಹಣ ಕೊಟ್ಟು ನಿಮ್ಮನ್ನು ತರಬೇತಿಗೆ ಕಳಿಸುವುದಾದರೆ ಬಾಂಡ್ ಬರೆಸಿಕೊಳ್ಳಬಹುದು. ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಕೊಡಬೇಕು, ತಿಂಗಳು ಕಳೆದಂತೆ ಆ ಮೊತ್ತ ಇಳಿಯುತ್ತದೆಯೇ ಅಂತ ಓದಿ ಸಹಿ ಹಾಕಿ. ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಕೊಡಬೇಡಿ.

ಹಿರಿಯರು ಕಲಿಸುವ ಮನಸ್ಸುಳ್ಳವರಾಗಿದ್ದು ದಿನಕ್ಕೆ ಎರಡು ಮೂರು ಕಲರ್ ಕೆಲಸ ಬರುವ ಸಲೂನ್ ಆದರೆ ವರ್ಷದಲ್ಲಿ ಸಿಗುವ ಅನುಭವ ಯಾವ ಡಿಪ್ಲೊಮಾಕ್ಕೂ ಕಡಿಮೆಯಲ್ಲ. ಎಲ್ಲರೂ ಕಟಿಂಗ್–ಶೇವಿಂಗ್‌ಗೇ ಬರುವ ಅಂಗಡಿಯಾದರೆ ಈ ದಾರಿಯಿಂದ ಏನೂ ಹುಟ್ಟುವುದಿಲ್ಲ. ಅಂಥವರು ಕೋರ್ಸಿಗಿಂತ ಮೊದಲು ಸಲೂನ್ ಬದಲಾಯಿಸುವ ಯೋಚನೆ ಮಾಡಲಿ.

ಸರ್ಕಾರದ ದಾರಿಗಳು

ಆರ್‌ಪಿಎಲ್ ಅಂದರೆ ಮೊದಲೇ ಕಲಿತದ್ದಕ್ಕೆ ಮಾನ್ಯತೆ. ಅನುಭವಸ್ಥರಿಗೆ ಸ್ವಲ್ಪ ಓರಿಯೆಂಟೇಷನ್ ಕೊಟ್ಟು, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಬ್ಯೂಟಿ ಆ್ಯಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಚೌಕಟ್ಟಿನಲ್ಲಿ ಸಹಾಯಕ ಹೇರ್ ಸ್ಟೈಲಿಸ್ಟ್ 3ನೇ ಹಂತ, ಹೇರ್ ಸ್ಟೈಲಿಸ್ಟ್ 4ನೇ ಹಂತ. ಕೈಗೆ ಹೊಸ ಕೆಲಸ ಇದರಿಂದ ಬರುವುದಿಲ್ಲ, ಅದನ್ನು ನಿರೀಕ್ಷಿಸಲೂ ಬೇಡಿ. ಅಪ್ಪನ ಅಂಗಡಿಯಲ್ಲಿ ಕಲಿತು ಹತ್ತು ವರ್ಷ ದುಡಿದರೂ ಕೈಯಲ್ಲಿ ಒಂದು ಕಾಗದವಿಲ್ಲದವರಿಗೆ ಇದು ಕಡಿಮೆ ಖರ್ಚಿನಲ್ಲಿ ಸಿಗುವ ದಾಖಲೆ.

ಸ್ವಂತ ಅಂಗಡಿಯ ಕ್ಷೌರಿಕರು ಪಿಎಂ ವಿಶ್ವಕರ್ಮ ಯೋಜನೆಯನ್ನು ಗಂಭೀರವಾಗಿ ನೋಡಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಒಂದು. 5ರಿಂದ 7 ದಿನದ ಮೂಲ ತರಬೇತಿ, ದಿನಕ್ಕೆ ₹500 ಭತ್ಯೆ, ಉಪಕರಣ ಕೊಳ್ಳಲು ₹15,000ದವರೆಗೆ ವೋಚರ್, ಆಮೇಲೆ ಅಡಮಾನವಿಲ್ಲದೆ 5% ಬಡ್ಡಿಗೆ ಮೊದಲ ಕಂತು ₹1 ಲಕ್ಷದವರೆಗೆ, 18 ತಿಂಗಳ ಅವಧಿ. ಎರಡನೇ ಕಂತು ₹2 ಲಕ್ಷದವರೆಗೆ, 30 ತಿಂಗಳು. ಮೊದಲ ಸಾಲವನ್ನು ಸರಿಯಾಗಿ ಕಟ್ಟಿಕೊಂಡು ಬಂದಿದ್ದು, ಡಿಜಿಟಲ್ ಪಾವತಿ ರೂಢಿಸಿಕೊಂಡಿದ್ದರೆ ಅಥವಾ 15 ದಿನ ಮೇಲ್ಪಟ್ಟ ಅಡ್ವಾನ್ಸ್ಡ್ ತರಬೇತಿ ಮುಗಿಸಿದ್ದರೆ ಅದು ಸಿಗುತ್ತದೆ. ಮುಂದಿನ ತರಬೇತಿಗೂ ದುಡ್ಡಿನ ಬಾಗಿಲಿಗೂ ನೇರ ನಂಟು ಇರುವುದು ಇಲ್ಲೇ. ವಯಸ್ಸು 18 ದಾಟಿರಬೇಕು, ಸ್ವಂತ ಉದ್ಯೋಗಿಯಾಗಿರಬೇಕು, ಗಂಡ–ಹೆಂಡತಿ–ಮದುವೆಯಾಗದ ಮಕ್ಕಳ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ, ಮನೆಯಲ್ಲಿ ಸರ್ಕಾರಿ ನೌಕರರು ಇರಬಾರದು. ಮುದ್ರಾ ಸಾಲ ಬಾಕಿ ಇದ್ದರೆ ಮೊದಲು ತೀರಿಸಿಕೊಳ್ಳಿ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಇಟ್ಟುಕೊಂಡು ಹೋಗಿ.

ಐಟಿಐನ ಕಾಸ್ಮೆಟಾಲಜಿ ಒಂದು ವರ್ಷದ ಕೋರ್ಸ್, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಚರ್ಮ, ಮೇಕಪ್, ಉಗುರು ಎಲ್ಲ ಇರುವುದರಿಂದ ಕೂದಲಿನ ಪಾಲು ಸ್ವಲ್ಪವೇ. ಆಗಲೇ ಸಲೂನ್‌ನಲ್ಲಿ ಪಳಗಿದವರಿಗೆ ಅಲ್ಲಿನ ಹೇರ್ ಭಾಗ ಸಪ್ಪೆ ಅನ್ನಿಸುತ್ತದೆ. ಆದರೂ ಈ ಕಾಗದದ ತೂಕ ಬೇರೆಯೇ: ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ, ದೇಶದ ಎಲ್ಲೆಡೆ ನಡೆಯುತ್ತದೆ. ಆಮೇಲೆ ಸಿಐಟಿಎಸ್ ಅನ್ನುವ ಒಂದು ವರ್ಷದ ಬೋಧಕ ತರಬೇತಿ ಮುಗಿಸಿದರೆ ಐಟಿಐಗಳಲ್ಲಿ ಬೋಧಕರಾಗುವ ದಾರಿ ತೆರೆಯುತ್ತದೆ. ಬೆನ್ನುನೋವು, ಕಾಲುನೋವು ಶುರುವಾಗಿ ‘ಇನ್ನು ಹತ್ತು ವರ್ಷ ನಿಂತು ಕೆಲಸ ಮಾಡಲಾರೆ’ ಅನ್ನುವವರು ಈ ಎರಡು ವರ್ಷದ ಲೆಕ್ಕ ಹಾಕಬಹುದು. ಉಳಿದವರಿಗೆ ಐಟಿಐ ತಡವಾದ ಆಯ್ಕೆ.

ಖಾಸಗಿ ಅಕಾಡೆಮಿ

ದುಡ್ಡು ಹೆಚ್ಚು ಹೋಗುವುದು ಇಲ್ಲಿ, ಆದ್ದರಿಂದ ವಿಚಾರಣೆಯೂ ಹೆಚ್ಚು ಬೇಕು. ಫೀಸು ಕೆಲವು ಹತ್ತು ಸಾವಿರದಿಂದ ಹಲವು ಲಕ್ಷದವರೆಗೆ ಇದೆ. ಹೇಳಿದ ಫೀಸಿನ ಮೇಲೆ ಸಾಮಾನ್ಯವಾಗಿ 18% ಜಿಎಸ್‌ಟಿ ಬೀಳುತ್ತದೆ. ‘ಎಲ್ಲ ಸೇರಿ ಎಷ್ಟು’ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಬ್ರೋಷರಿನ ವಿಷಯಪಟ್ಟಿಗಿಂತ ಗಂಟೆಗಳನ್ನು ಎಣಿಸಿ. ಒಂದು ತಿಂಗಳ ಕೋರ್ಸ್ ಅಂದರೆ 26 ದಿನ, ದಿನಕ್ಕೆ 6 ಗಂಟೆ, ಒಟ್ಟು 156 ಗಂಟೆ. ಥಿಯರಿ ಮತ್ತು ಡೆಮೊಗೆ ಅರ್ಧ ಕಳೆದರೆ ಕೈಕೆಲಸಕ್ಕೆ 78 ಗಂಟೆ. ಅದರಲ್ಲಿ ಅರ್ಧ ಡಮ್ಮಿಯ (ಅಭ್ಯಾಸದ ಗೊಂಬೆ ತಲೆ) ಮೇಲಾದರೆ ಜೀವಂತ ತಲೆಯ ಮೇಲೆ ನಿಮಗೆ ಸಿಗುವುದು 39 ಗಂಟೆ. ಒಂದು ಬಲಯಾಜ್‌ಗೆ ನಾಲ್ಕು ಗಂಟೆ ಹಿಡಿದರೂ ಹತ್ತು ತಲೆ ಆಗುವುದಿಲ್ಲ. ಒಬ್ಬ ಮಾಡೆಲ್ ಮೇಲೆ ಇಬ್ಬರು ಮೂವರು ಕೆಲಸ ಹಂಚಿಕೊಳ್ಳುವ ಕಡೆ ಇನ್ನೂ ಕಡಿಮೆ.

ಡಮ್ಮಿಯ ವಿಷಯದಲ್ಲಿ ಎಚ್ಚರ. ಕಟಿಂಗ್‌ನ ಸೆಕ್ಷನ್, ಕೋನ ಕಲಿಯಲು ಅದು ಒಳ್ಳೆಯದು. ಆದರೆ ಡಮ್ಮಿಯ ಕೂದಲು ಕಾರ್ಖಾನೆಯಲ್ಲೇ ಸಂಸ್ಕರಣೆಯಾಗಿ ಬಂದಿರುವುದು ಹೆಚ್ಚು, ಬಣ್ಣ ಬೇಗ ಹೀರುತ್ತದೆ, ಏರುವ ರೀತಿಯೂ ಬೇರೆ. ಡಮ್ಮಿಯ ಮೇಲೆ 35 ನಿಮಿಷಕ್ಕೆ ಬಂದ ಫಲಿತಾಂಶ ನಮ್ಮ ದಪ್ಪ ಕಪ್ಪು ಕೂದಲಿನ ಮೇಲೆ ಬರುವುದಿಲ್ಲ. ಸಾಲದ್ದಕ್ಕೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ವರ್ಷಗಟ್ಟಲೆ ತೊಳೆದ ಕೂದಲಲ್ಲಿ ಖನಿಜ ಕೂತಿರುತ್ತದೆ. ಆ ಖನಿಜ ತೆಗೆಯುವ ಕೀಲೇಟಿಂಗ್ ಶಾಂಪೂ ಹಾಕಿ ತೊಳೆಯದೆ ಬ್ಲೀಚ್ ಹಚ್ಚಿದರೆ ಅಲ್ಲಲ್ಲಿ ಮಚ್ಚೆ. ಇದನ್ನು ಕಲಿಸದ ಕಲರ್ ಕೋರ್ಸ್ ಕರ್ನಾಟಕದ ಗಿರಾಕಿಗೆ ಅರ್ಧ ಕೋರ್ಸ್.

ಸೇರುವ ಮುಂಚೆ ಒಂದು ತಾಸು ನಡೆಯುತ್ತಿರುವ ಕ್ಲಾಸಿನಲ್ಲಿ ಕೂರಲು ಅನುಮತಿ ಕೇಳಿ. ಬಿಡದಿದ್ದರೆ ಅದೇ ಉತ್ತರ. ಕೂರಲು ಬಿಟ್ಟರೆ ಇಷ್ಟು ನೋಡಿ: ಒಬ್ಬ ಟ್ರೈನರ್‌ಗೆ ಎಷ್ಟು ವಿದ್ಯಾರ್ಥಿಗಳು (ಎಂಟು ದಾಟಿದರೆ ನಿಮ್ಮ ತಪ್ಪನ್ನು ತಿದ್ದಲು ಅವರಿಗೆ ಸಮಯವಿಲ್ಲ), ಟ್ರೈನರ್ ಈಗಲೂ ಗಿರಾಕಿಗಳ ಮೇಲೆ ಕೆಲಸ ಮಾಡುತ್ತಾರೆಯೇ, ಮಾಡೆಲ್ ತರುವುದು ಯಾರ ಹೊಣೆ, ಪ್ರಾಡಕ್ಟ್ ಖರ್ಚು ಫೀಸಿನಲ್ಲಿ ಸೇರಿದೆಯೇ. ಕೆರಾಟಿನ್ (ಕೂದಲು ನಯಗೊಳಿಸುವ ಟ್ರೀಟ್‌ಮೆಂಟ್) ಮಾಡುವಾಗ ಕಿಟಕಿ, ಎಕ್ಸಾಸ್ಟ್ ಹಾಕಿದ್ದಾರೆಯೇ ಅನ್ನುವುದನ್ನು ಗಮನಿಸಿ. ಕೆಲವು ಕೆರಾಟಿನ್ ದ್ರವಗಳು ಬಿಸಿ ಐರನ್ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ದಿನವೂ ಅದನ್ನು ಉಸಿರಾಡುವವರು ನೀವೇ. ವಿದ್ಯಾರ್ಥಿಗಳ ಶ್ವಾಸದ ಬಗ್ಗೆ ಕಾಳಜಿಯಿಲ್ಲದ ಜಾಗ ಉಳಿದದ್ದನ್ನೂ ಹಾಗೇ ಕಲಿಸುತ್ತದೆ.

‘100% ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅಂದರೆ ಸಂದರ್ಶನಕ್ಕೆ ಕಳಿಸುತ್ತೇವೆ ಎಂದಷ್ಟೇ ಅರ್ಥ. ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತನಾಡಿಸಿ ಅಂತ ಕೇಳಿ.

ಟ್ರೈಕಾಲಜಿ, ಅಂದರೆ ಕೂದಲು–ನೆತ್ತಿಯ ಸಮಸ್ಯೆಗಳ ಅಧ್ಯಯನ, ಅದರ ಸರ್ಟಿಫಿಕೇಟ್ ಬಗ್ಗೆಯೂ ಒಂದು ಮಾತು. ನೆತ್ತಿಯ ಆರೈಕೆ, ಹೊಟ್ಟು, ಕೂದಲು ಉದುರುವಿಕೆಯ ಲಕ್ಷಣ ಗುರುತಿಸಿ ಚರ್ಮವೈದ್ಯರ ಬಳಿ ಕಳಿಸುವಷ್ಟು ತಿಳಿವಳಿಕೆ ಬಹಳ ಉಪಯುಕ್ತ. ಪಿಆರ್‌ಪಿಯಂಥ (ಗಿರಾಕಿಯದೇ ರಕ್ತದಿಂದ ತೆಗೆದ ದ್ರವವನ್ನು ನೆತ್ತಿಗೆ ಚುಚ್ಚುವ) ಇಂಜೆಕ್ಷನ್ ಚಿಕಿತ್ಸೆ ಮಾತ್ರ ವೈದ್ಯರ ಕೆಲಸ. ಅದನ್ನು ನಿಮಗೆ ಕಲಿಸುತ್ತೇವೆ ಅನ್ನುವ ಕೋರ್ಸಿನಿಂದ ದೂರವಿರಿ.

ಖರ್ಚು ವಾಪಸ್ ಬರುವುದು ಯಾವಾಗ

ಒಂದು ಮಾದರಿ ಲೆಕ್ಕ ನೋಡೋಣ, ನಿಮ್ಮ ಅಂಕಿ ಹಾಕಿಕೊಂಡು ಮತ್ತೆ ಮಾಡಿ. ಒಂದು ತಿಂಗಳ ಕಲರ್ ಕೋರ್ಸ್ ಫೀಸು ₹80,000, ಜಿಎಸ್‌ಟಿ ₹14,400, ಕಿಟ್ ₹15,000, ಪಿಜಿ ಮತ್ತು ಊಟ ₹14,000, ಆ ತಿಂಗಳು ತಪ್ಪಿದ ಆದಾಯ ₹22,000. ಒಟ್ಟು ₹1,45,400.

ಸ್ವಂತ ಸಲೂನ್ ಇರುವವರು ಒಂದು ಬಲಯಾಜ್‌ಗೆ ₹4,500 ತೆಗೆದುಕೊಂಡರೆ ಪ್ರಾಡಕ್ಟ್ ಖರ್ಚು ₹1,000 ಹೋಗುತ್ತದೆ. ಅದೇ ನಾಲ್ಕು ಗಂಟೆಯಲ್ಲಿ ₹250ರ ಆರು ಕಟಿಂಗ್ ಮಾಡಿದ್ದರೆ ₹1,500 ಬರುತ್ತಿತ್ತು. ನಿಜವಾದ ಹೆಚ್ಚುವರಿ ಗಳಿಕೆ ₹2,000. ಹಾಗಾದರೆ 73 ಬಲಯಾಜ್ ಬೇಕು. ವಾರಕ್ಕೆ ಎರಡು ಸಿಕ್ಕರೆ ಎಂಟೂವರೆ ತಿಂಗಳಲ್ಲಿ ದುಡ್ಡು ಬಂತು. ನಿಮ್ಮ ಊರಿನಲ್ಲಿ ತಿಂಗಳಿಗೆ ಒಂದೇ ಬರುವುದಾದರೆ ಆರು ವರ್ಷ.

ಸಂಬಳಕ್ಕೆ ದುಡಿಯುವವರ ಲೆಕ್ಕವೇ ಬೇರೆ. ಸಂಬಳ ₹22,000, ತಿಂಗಳ ಬಿಲ್ಲಿಂಗ್ ಟಾರ್ಗೆಟ್ ಅದರ ಐದು ಪಟ್ಟು ₹1,10,000, ಅದರ ಮೇಲಿನ ಬಿಲ್ಲಿಂಗ್‌ಗೆ 10% ಇನ್ಸೆಂಟಿವ್ ಅಂತಿಟ್ಟುಕೊಳ್ಳಿ. ಈಗ ಟಾರ್ಗೆಟ್ ಮುಟ್ಟುತ್ತಿರುವವರು ಹೊಸ ಕೆಲಸ ಕಲಿತು ತಿಂಗಳಿಗೆ ₹20,000 ಹೆಚ್ಚು ಬಿಲ್ ಮಾಡಿದರೂ ಕೈಗೆ ಬರುವುದು ₹2,000. ಅದೇ ಕೋರ್ಸ್, ವಾಪಸ್ ಬರಲು ಆರು ವರ್ಷ! ಸಲೂನ್ ಬದಲಾಯಿಸಿ ಸಂಬಳ ₹30,000ಕ್ಕೆ ಏರಿದರೆ ಒಂದೂವರೆ ವರ್ಷ. ಆದ್ದರಿಂದ ನೌಕರರು ಕೋರ್ಸಿಗೆ ಸೇರುವ ಮುಂಚೆಯೇ ಮಾಲೀಕರ ಹತ್ತಿರ, ಹೊಸ ಸಲೂನ್‌ಗಳ ಹತ್ತಿರ ‘ಇದನ್ನು ಕಲಿತು ಬಂದರೆ ಎಷ್ಟು ಕೊಡುತ್ತೀರಿ’ ಅಂತ ಮಾತಾಡಿಕೊಳ್ಳಬೇಕು. ಬಾಯಿಮಾತಿನ ಭರವಸೆಯೇ ಸಿಗದಿದ್ದರೆ ಸಣ್ಣ ಕೋರ್ಸಿಗೆ ಇಳಿಯಿರಿ: ಮೂರರಿಂದ ಐದು ದಿನದ, ಒಂದೇ ಕೌಶಲದ, ನಾಲ್ಕು ಜನರ ಬ್ಯಾಚು. ಪುರುಷರ ಸಲೂನ್‌ನವರಿಗೆ ಫೇಡ್ (ಕೆಳಗಿನಿಂದ ಮೇಲಕ್ಕೆ ಕ್ರಮೇಣ ಉದ್ದವಾಗುವ ಕಟಿಂಗ್) ಮತ್ತು ಗಡ್ಡದ ಶೇಪಿಂಗ್, ಮಹಿಳೆಯರ ಪಾರ್ಲರ್‌ನವರಿಗೆ ಮದುವೆ ಹೇರ್‌ಸ್ಟೈಲ್. ಎರಡಕ್ಕೂ ಪ್ರಾಡಕ್ಟ್ ಖರ್ಚು ಕಡಿಮೆ, ಸಣ್ಣ ಊರಲ್ಲೂ ಗಿರಾಕಿ ಇದ್ದಾರೆ.

ಹೊರದೇಶದ ಲೆಕ್ಕ

ಇಲ್ಲಿ ಕಾಗದ ಮುಖ್ಯ, ಆದರೆ ದೇಶಕ್ಕೊಂದು ಕಾಗದ. ಬ್ರಿಟನ್‌ನಲ್ಲಿ ಹೇರ್ ಡ್ರೆಸರ್‌ಗೆ ಕಾನೂನಿನ ಲೈಸೆನ್ಸ್ ಇಲ್ಲ, ನೋಂದಣಿ ಐಚ್ಛಿಕ. ಆದರೂ ಕೆಲಸಕ್ಕೆ ತೆಗೆದುಕೊಳ್ಳುವವರು ಲೆವೆಲ್ 2, ಲೆವೆಲ್ 3 ಅರ್ಹತೆ ನೋಡುತ್ತಾರೆ. ಅಮೆರಿಕದಲ್ಲಿ ರಾಜ್ಯವಾರು ಲೈಸೆನ್ಸ್ ಕಡ್ಡಾಯ: ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಟೆಕ್ಸಾಸ್‌ಗಳಲ್ಲಿ ಕಾಸ್ಮೆಟಾಲಜಿಗೆ 1,000 ಗಂಟೆ ತರಬೇತಿ ಬೇಕು. ಇಲ್ಲಿನ 156 ಗಂಟೆಯ ಡಿಪ್ಲೊಮಾ ಅಲ್ಲಿ ಎಲ್ಲಿಗೂ ಸಾಲದು. ಜರ್ಮನಿಯಲ್ಲಿ ಮೂರು ವರ್ಷದ ವೃತ್ತಿ ತರಬೇತಿ, ಸ್ವಂತ ಅಂಗಡಿ ತೆರೆಯಲು ಸಾಮಾನ್ಯವಾಗಿ ಅದರ ಮೇಲೆ ಮೈಸ್ಟರ್ (ಕಸುಬಿನ ಮೇಲ್ಮಟ್ಟದ) ಪರೀಕ್ಷೆ. ಆಸ್ಟ್ರೇಲಿಯಾದಲ್ಲಿ ಸರ್ಟಿಫಿಕೇಟ್ 3 ಹಂತದ ಹೇರ್ ಡ್ರೆಸಿಂಗ್ ಅರ್ಹತೆಯೇ ಅಳತೆ, ವಲಸೆಗೆ ಕೌಶಲ ಪರಿಶೀಲನೆ ಬೇರೆ. ಕೆನಡಾದ ಒಂಟಾರಿಯೊದಲ್ಲಿ ಇದು ಕಡ್ಡಾಯ ನೋಂದಣಿಯ ವೃತ್ತಿ.

‘ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್’ ಅನ್ನುವ ಪದಕ್ಕೆ ಮರುಳಾಗಬೇಡಿ. ಕೊಡುವ ಸಂಸ್ಥೆ ಯಾವುದು, ಅದು ಕೂದಲಿನ ಅರ್ಹತೆಯೇ, ಹೋಗಬೇಕಾದ ದೇಶ ಅದನ್ನು ಒಪ್ಪುತ್ತದೆಯೇ ಅಂತ ಆ ದೇಶದ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ನೋಡಿ. ಸಿಡೆಸ್ಕೊ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ದೊಡ್ಡ ಹೆಸರೇ, ಆದರೆ ಮುಖ್ಯವಾಗಿ ಚರ್ಮದ ಆರೈಕೆ ಮತ್ತು ಬ್ಯೂಟಿ ಥೆರಪಿಗೆ. ಹೇರ್ ಸ್ಟೈಲಿಸ್ಟ್ ಆಗಿ ಹೋಗುವವರಿಗೆ ಬ್ರಿಟನ್‌ನ ಪ್ರಮಾಣಪತ್ರ ಸಂಸ್ಥೆಗಳಾದ ಸಿಟಿ ಆ್ಯಂಡ್ ಗಿಲ್ಡ್ಸ್ ಅಥವಾ ವಿಟಿಸಿಟಿಯ ಹೇರ್ ಡ್ರೆಸಿಂಗ್ ಅರ್ಹತೆ ಹೆಚ್ಚು ಹೊಂದುತ್ತದೆ.

ಗಲ್ಫ್‌ಗೆ ಹೋಗುವವರಲ್ಲಿ ಕರಾವಳಿಯವರು ಬಹಳ. ಅಲ್ಲಿ ಎಷ್ಟೋ ಸಲ ಟ್ರಯಲ್ ಕೆಲಸವೇ ಸಂದರ್ಶನ, ಕೈ ಚುರುಕಾಗಿರುವವರಿಗೆ ಕೆಲಸ. ಕಾಗದ ಕೇಳಿದಾಗ ದೃಢೀಕರಣ ಮಾಡಿಸಬೇಕಾಗುತ್ತದೆ: ರಾಜ್ಯ ಮಟ್ಟ, ವಿದೇಶಾಂಗ ಇಲಾಖೆ, ಕೆಲವು ದೇಶಗಳಿಗೆ ಆಮೇಲೆ ಆ ದೇಶದ ರಾಯಭಾರ ಕಚೇರಿಯೂ. ಸರ್ಕಾರಿ ಪ್ರಮಾಣಪತ್ರ ಈ ದಾರಿಯಲ್ಲಿ ಸುಲಭವಾಗಿ ಸಾಗುತ್ತದೆ, ಹೆಸರಿಲ್ಲದ ಅಕಾಡೆಮಿಯ ಕಾಗದ ಮೊದಲ ಮೆಟ್ಟಿಲಲ್ಲೇ ನಿಲ್ಲಬಹುದು. ಗಲ್ಫ್ ಗುರಿಯಾದರೆ ಆರ್‌ಪಿಎಲ್ ಅಥವಾ ಐಟಿಐ ಕಾಗದದ ಜೊತೆಗೆ ಫೇಡ್, ಬಿಯರ್ಡ್ ಕೆಲಸದ ಒಂದು ಸಣ್ಣ ಕೋರ್ಸ್, ಎರಡೂ ಸೇರಿ ದೊಡ್ಡ ಡಿಪ್ಲೊಮಾದ ಕಾಲು ಭಾಗದ ಖರ್ಚಿನಲ್ಲಿ ಮುಗಿಯಬಹುದು.

ಯಾವುದನ್ನೇ ಆರಿಸಿದರೂ ಅಡ್ವಾನ್ಸ್ ಕೊಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆಸಿ, ಸೀಲು ಹಾಕಿಸಿಕೊಳ್ಳಿ: ತೆರಿಗೆ ಸೇರಿ ಒಟ್ಟು ಫೀಸು, ಬ್ಯಾಚಿನ ಗರಿಷ್ಠ ಸಂಖ್ಯೆ, ನಿಮಗೆ ಸಿಗುವ ಜೀವಂತ ಮಾಡೆಲ್‌ಗಳ ಸಂಖ್ಯೆ, ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಪೂರ್ತಿ ಹೆಸರು, ಪರೀಕ್ಷೆಯಲ್ಲಿ ನಪಾಸಾದರೆ ಮರುಪರೀಕ್ಷೆಯ ಶುಲ್ಕ, ಮೊದಲ ವಾರದಲ್ಲಿ ಬಿಟ್ಟರೆ ವಾಪಸ್ ಸಿಗುವ ಹಣ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಬೇರೆ ಕಡೆ ವಿಚಾರಿಸಿ.